ಕೊಟ್ಟಿಗೆಯಲ್ಲಿ ನಿಂತ ಕಾರು

ಕೆಟ್ಟ ಗಾಡಿಯನ್ನು ಸರಿಮಾಡಲು ಕಂಬಂನಲ್ಲಿ ಬೇಕಾದಷ್ಟು ಮೆಕಾನಿಕ್‌ಗಳಿದ್ದಾರೆ. ಸರಿಯಾಗಿರುವ ಗಾಡಿಯನ್ನು ಇನ್ನೂ ಸರಿಮಾಡುವವರು ಮನೆಯೊಳಗೇ ಇದ್ದರೆ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಮ್ಮಲ್ಲಿ ಆ ಕೆಲಸ ನನ್ನ ಹೆಂಡತಿಯ ಅಣ್ಣನದು. ಮನೆಮಾತು ಕನ್ನಡವಾದರೂ ತಲೆತಲಾಂತರದಿಂದ ತಮಿಳುನಾಡಿನ ಈ ಕಣಿವೆಯಲ್ಲೇ ಇರುವ ನಾವು ಭಾವನನ್ನು ಮಚ್ಚಾನ್ ಎನ್ನುತ್ತೇವೆ. ಅವರ ಮನೆಯವರಿಗೆಲ್ಲ ನಾನು ಮಾಪಿಳ್ಳೆ, ಅಂದರೆ ಅಳಿಯ.

ನಾನು ತೋಟಗಳಿಗೆ ಹನಿ ನೀರಾವರಿ ಪೈಪು ಮಾರುವವನು. ಪೈಪು ಸಾಗಿಸಲು ಒಂದು ಸಣ್ಣ ಟೆಂಪೊ ಬೇಕಿತ್ತು. ಅದಕ್ಕೆ ಹಳೆಯ ಕಾರು ಮಾರಬೇಕಿತ್ತು. ಮಾರುವವರೆಗೆ ಅದನ್ನು ಮಚ್ಚಾನ್ ಕೈಯಿಂದ ಕಾಪಾಡಬೇಕಿತ್ತು. ಮೂರನೆಯದೇ ಕಷ್ಟ, ಏಕೆಂದರೆ ನಮ್ಮಲ್ಲಿ ಜಾಗವಿಲ್ಲದೆ ಕಾರು ನಿಲ್ಲುತ್ತಿದ್ದುದು ಅವರ ಮನೆಯಲ್ಲಿ.

ಗ್ಯಾರೇಜು

ಅತ್ತೆಯ ಮನೆಯ ಹಿಂದೆ ಖಾಲಿ ಬಿದ್ದಿದ್ದ ದನದ ಕೊಟ್ಟಿಗೆಯನ್ನು ಮಚ್ಚಾನ್ ಗ್ಯಾರೇಜು ಮಾಡಿದರು. ಗೋದಲಿಯ ಮೇಲೆ ಹಲಗೆ ಹಾಕಿ ಸ್ಪ್ಯಾನರ್ ಜೋಡಿಸಿದರು. ಅತ್ತೆ ಬೇಡವೆನ್ನಲಿಲ್ಲ, ಒಂದು ಷರತ್ತು ಮಾತ್ರ ಹಾಕಿದರು.

"ದೇವರ ದನ ನಿಂತ ಜಾಗ. ಮೆಟ್ಟು ಹಾಕ್ಕೊಂಡು ಯಾರೂ ಒಳಗೆ ಬರಬಾರದು."

"ಅಮ್ಮಾ, ಇಲ್ಲಿ ವೆಲ್ಡಿಂಗ್ ಮಾಡ್ತೀನಿ. ಕಿಡಿ ಹಾರುತ್ತೆ."

"ನಿಮ್ಮ ತಾತ ಹೋರಿ ಕಾಲಡಿ ಬರಿಗಾಲಲ್ಲಿ ನಿಂತವರು. ನಿಂಗೆ ಕಿಡಿಗೆ ಭಯವಾ?"

ಅಂದಿನಿಂದ ಮಚ್ಚಾನ್ ಸುರಕ್ಷತೆಯ ಎಲ್ಲ ನಿಯಮ ಪಾಲಿಸಿಯೇ ಕೆಲಸ ಮಾಡುತ್ತಾರೆ. ತಲೆಗೆ ಹೆಲ್ಮೆಟ್, ಕಣ್ಣಿಗೆ ಕಪ್ಪು ಕನ್ನಡಕ, ಕೈಗೆ ಗ್ಲೌಸ್, ಕಾಲಿಗೆ ದೇವರ ದಯೆ.

ಗಾಜು ತೊಳೆಯುವ ನೀರು

ಒಂದು ಬೆಳಿಗ್ಗೆ ಕಾರು ತೆಗೆಯುವಾಗ ಮಚ್ಚಾನ್ ಗೇಟಿನವರೆಗೂ ಬಂದು ಕೈಬೀಸಿದರು. ಅವರು ಹಾಗೆ ಮಾಡುವವರಲ್ಲ. ಆಗಲೇ ಅನುಮಾನ ಪಡಬೇಕಿತ್ತು.

ಪಕ್ಕದ ಗೂಡಲೂರು ದಾಟುವಾಗ ಮುಂದಿನ ಗಾಜಿಗೆ ಧೂಳು ಹಿಡಿಯಿತು. ನೀರಿನ ಗುಂಡಿ ಒತ್ತಿದೆ. ಬಾನೆಟ್ಟಿನೊಳಗೆ ದ್ರಾಕ್ಷಿ ತೋಟಕ್ಕೆ ಮದ್ದು ಹೊಡೆಯುವ ಪಂಪು ಗುರ್ ಎಂದಿತು. ನೀರು ಗಾಜನ್ನು ಮುಟ್ಟದೆ, ಕಾರಿನ ತಲೆಯ ಮೇಲಿಂದ ಹಾರಿ, ಹಿಂದೆ ಬೈಕಿನಲ್ಲಿ ಬರುತ್ತಿದ್ದ ಬಿಳಿ ಪಂಚೆಯವರನ್ನು ಮುಟ್ಟಿತು.

ಅವರು ಬೈಕನ್ನು ಅಡ್ಡ ತಂದು ನಿಲ್ಲಿಸಿದರು. ಬೈಯಲಿಲ್ಲ. ತೋಳನ್ನು ಮೂಸಿ ನೋಡಿ ತಮಿಳಿನಲ್ಲಿ ಕೇಳಿದರು, "ಇದು ನೀರಾ, ಮದ್ದಾ?"

"ನೀರೇ, ಅಣ್ಣ."

"ಹಾಗಾದರೆ ಒಂದು ಗುಟುಕು ಕುಡಿದು ತೋರಿಸಿ."

ತೊಟ್ಟಿ ತುಂಬಿಸಿದವರು ಮಚ್ಚಾನ್. ನಾನು ಸ್ವಲ್ಪ ಯೋಚಿಸಿ, ಮದ್ದು ಎಂದೇ ಇಟ್ಟುಕೊಳ್ಳಿ ಎಂದೆ.

ಏಲಕ್ಕಿ

ಕಾರಿನ ಏಸಿಯಲ್ಲಿ ಹಳೆ ವಾಸನೆ ಎಂದು ನನ್ನ ಹೆಂಡತಿ ಒಮ್ಮೆ ಹೇಳಿದ್ದೇ ತಪ್ಪಾಯಿತು. ಮರುದಿನದಿಂದ ಕಾರಿನೊಳಗೆ ಪಾಯಸದ ಪರಿಮಳ. ಮಚ್ಚಾನ್ ಬೋಡಿಯಿಂದ ಏಲಕ್ಕಿ ಸಿಪ್ಪೆ ತಂದು ಗಾಳಿ ಬರುವ ಕೊಳವೆಗೆ ತುಂಬಿದ್ದರು.

ಅದೇ ವಾರ ಕೇರಳದ ಗಡಿಯ ಕುಮಳಿಯಿಂದ ಇಳಿಯುವಾಗ ತಪಾಸಣೆಯವರು ಕೈ ತೋರಿಸಿದರು. ಕಿಟಕಿ ಇಳಿಸಿದೆ. ಒಬ್ಬನ ಮೂಗು ಅರಳಿತು.

"ಮೂಟೆ ಎಲ್ಲಿ?"

"ಯಾವ ಮೂಟೆ?"

"ಏಲಕ್ಕಿ ಮೂಟೆ."

"ಇಲ್ಲ. ಅದು ಏಸಿ ವಾಸನೆ."

ಅವರು ಸೀಟು ಎತ್ತಿದರು, ಸ್ಟೆಪ್ನಿ ಬಿಚ್ಚಿದರು, ಮಾದರಿಗೆಂದು ಇಟ್ಟಿದ್ದ ಪೈಪುಗಳ ಒಳಗೆ ಒಂದೊಂದಾಗಿ ಕಣ್ಣಿಟ್ಟು ನೋಡಿದರು. ಏನೂ ಸಿಗಲಿಲ್ಲ. ಸಿಕ್ಕಿದ್ದರೆ ಅನುಮಾನ ಅಲ್ಲಿಗೇ ಮುಗಿಯುತ್ತಿತ್ತು. ಕೊನೆಗೆ ಅವರಲ್ಲಿ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಬಹಳ ಗೌರವದಿಂದ, ಇಷ್ಟು ಚೆನ್ನಾಗಿ ಬಚ್ಚಿಡಲು ಎಲ್ಲಿ ಕಲಿತಿರಿ ಎಂದು ಕೇಳಿದರು.

ಗುರುತು

ಪಂಪು ಬಿಚ್ಚಿಸಿದೆ, ಸಿಪ್ಪೆ ತೆಗೆಸಿದೆ. ಇನ್ನು ಮುಟ್ಟುವುದಿಲ್ಲ ಎಂದು ಮಚ್ಚಾನ್ ಮಾತು ಕೊಟ್ಟರು. ನಾನು ನಂಬಿದೆ. ಆದರೂ ಬಾನೆಟ್ಟಿನ ಅಂಚಿಗೆ, ಯಾರಾದರೂ ತೆರೆದರೆ ಹರಿಯುವಂತೆ, ಒಂದು ಚೂರು ಪಾರದರ್ಶಕ ಟೇಪು ಅಂಟಿಸಿ ಬಂದೆ.

ಬೆಳಿಗ್ಗೆ ಹೋಗಿ ನೋಡಿದರೆ ಟೇಪು ಹರಿದಿರಲಿಲ್ಲ. ಆದರೆ ಅದು ನನ್ನ ಟೇಪಾಗಿರಲಿಲ್ಲ.

"ನೀವು ಹಾಕಿದ್ದು ಸವಕಲು, ಮಾಪಿಳ್ಳೆ," ಎಂದರು ಮಚ್ಚಾನ್. "ಕಿತ್ತು ಬರ್ತಿತ್ತು. ಒಳ್ಳೇದಾಗಿ ಎರಡು ಸುತ್ತು ಹಾಕಿದೀನಿ."

ಬತ್ತಲಗುಂಡಿನವರು

ಕಾರು ನೋಡಲು ಪೊಂಗಲ್ ಮುಗಿದ ಮೇಲೆ ಬರುತ್ತೇನೆ ಎಂದು ಬತ್ತಲಗುಂಡಿನ ತರಕಾರಿ ವ್ಯಾಪಾರಿಯೊಬ್ಬರು ಹೇಳಿ ಕಳಿಸಿದರು. ನಮ್ಮವರೇ, ಮನೆಯಲ್ಲಿ ಕನ್ನಡ. ನಾನು ಮಚ್ಚಾನ್‌ರಿಂದ ತಾಯಿಯ ಮೇಲೆ ಆಣೆ ಹಾಕಿಸಿಕೊಂಡೆ. ಅವರು ಸ್ಪ್ಯಾನರ್‌ಗಳನ್ನೆಲ್ಲ ಚೀಲಕ್ಕೆ ತುಂಬಿ ಅಟ್ಟ ಹತ್ತಿಸಿದರು. ಹಬ್ಬದ ದಿನಗಳಲ್ಲಿ ನಾನು ಬೆಳಿಗ್ಗೆ ಸಂಜೆ ಹೋಗಿ ಅವರ ಕೈಗಳನ್ನು ನೋಡಿ ಬರುತ್ತಿದ್ದೆ. ಗ್ರೀಸ್ ಇರಲಿಲ್ಲ.

ವ್ಯಾಪಾರಿ ಬಂದರು. ಯಾರೂ ಹೇಳದೆಯೇ ಚಪ್ಪಲಿಯನ್ನು ಕೊಟ್ಟಿಗೆಯ ಹೊರಗೆ ಬಿಟ್ಟರು. ಆದರೆ ನನಗಿಂತ ದೊಡ್ಡ ಅನುಮಾನದ ಮನುಷ್ಯ. ಬಾಗಿಲುಗಳನ್ನು ತೆರೆದು ಮುಚ್ಚಿದರು, ಎಂಜಿನ್ ಆಯಿಲನ್ನು ಬೆರಳಿಗೆ ಹಚ್ಚಿ ಮೂಸಿದರು, ನೆಲಕ್ಕೆ ಕೆನ್ನೆಯಿಟ್ಟು ಅಡಿಯನ್ನೂ ನೋಡಿದರು.

"ಬಂಡಿ ಚೆನ್ನಾಗೈತೆ," ಎಂದರು ಎದ್ದು. "ಯಾರೂ ಕೈ ಹಾಕಿಲ್ಲ ಅಲ್ವಾ?"

"ಇಲ್ಲ," ಎಂದೆ. ಮೊದಲ ಸಲ ಧೈರ್ಯವಾಗಿ.

ಅವರು ಬಾನೆಟ್ಟಿನ ತುದಿಗೆ ಬಂದು ನಿಂತರು. ಅಲ್ಲಿ ಅರಿಶಿನ ಕುಂಕುಮ ಮೆತ್ತಿತ್ತು, ಬಾಡಿದ ಒಂದು ಹಾರವೂ ಇತ್ತು. ಹಬ್ಬಕ್ಕೆ ಎಲ್ಲರೂ ಗಾಡಿಗೆ ಪೂಜೆ ಮಾಡುತ್ತಾರೆ. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಈ ಹಾರ ಯಾರು ಹಾಕಿದ್ದು?"

"ನಾನೇ," ಎಂದರು ಬಾಗಿಲಲ್ಲಿದ್ದ ಅತ್ತೆ. "ದನದ ಹಬ್ಬ ಮಾಟ್ಟು ಪೊಂಗಲ್ ದಿನ ಈ ಕೊಟ್ಟಿಗೆಯಿಂದ ಒಂದನ್ನ ದೇವರಿಗೆ ಬಿಡೋದು ವಾಡಿಕೆ. ದನ ಹೋದ ಮೇಲೆ ಅದು ನಿಂತೇಹೋಗಿತ್ತು. ಮನಸ್ಸಿಗೆ ಸಮಾಧಾನವೇ ಇರಲಿಲ್ಲ."

"ಬಿಟ್ಟುಬಿಟ್ರಾ?"

"ಬಿಟ್ಟೆ. ಕೊಟ್ಟಿಗೇಲಿ ಇದ್ದದ್ದು ಇದೊಂದೇ."

ವ್ಯಾಪಾರಿ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು. ನನಗಲ್ಲ, ಕಾರಿಗೆ.

"ದೇವರಿಗೆ ಬಿಟ್ಟದ್ದನ್ನ ವ್ಯಾಪಾರ ಮಾಡೋಕಾಗಲ್ಲ, ತಮ್ಮ. ನಮ್ಮವನೇ ಆಗಿ ನಿಂಗೆ ಗೊತ್ತಿಲ್ವಾ?"

"ಅತ್ತೆ," ಎಂದೆ, "ಅದು ದನಕ್ಕಲ್ಲವಾ? ಇದು ಪೆಟ್ರೋಲ್ ಕುಡಿಯುತ್ತೆ."

"ಏನು ಕುಡಿದರೇನು ಮಾಪಿಳ್ಳೆ, ದೇವರು ಅದನ್ನೆಲ್ಲ ಕೇಳ್ತಾನಾ? ಮಾರಂಗಿಲ್ಲ. ಹೊರೆ ಹೊರಿಸಂಗಿಲ್ಲ. ಮೇಲೆ ಹತ್ತಂಗಿಲ್ಲ."

"ಹಾಗಾದರೆ ಏನು ಮಾಡಬಹುದು?"

"ಮೈ ತೊಳೀಬಹುದು, ಸಿಂಗಾರ ಮಾಡಬಹುದು. ಮನೆಯ ಗಂಡುಮಗ ದಿನಾ ನಿಂತು ಸೇವೆ ಮಾಡಬೇಕು."

ನಾನು ತಿರುಗಿ ನೋಡಿದೆ. ಮಚ್ಚಾನ್ ಆಗಲೇ ಅಟ್ಟದಿಂದ ಚೀಲ ಇಳಿಸಿ, ಸ್ಪ್ಯಾನರ್‌ಗಳನ್ನು ಒಂದೊಂದಾಗಿ ಅರಿಶಿನದ ನೀರಿನಲ್ಲಿ ಅದ್ದಿ ತೊಳೆಯುತ್ತಿದ್ದರು.