ತೊಗರಿ ಕೊಳ್ಳದ ದೇಶದವಳು

ಸೇವೆಗೆಂದು ಹೊರಟವರ ಮುಖದ ಮೇಲೆ ಸದಾ ಒಂದು ಶಾಂತವಾದ ಮಂದಹಾಸ ಇರುತ್ತದೆ ಎಂದು ಜನ ನಂಬಿದ್ದಾರೆ. ನಾನು ಆಫ್ರಿಕಾದ ಮಲಾವಿ ದೇಶದ ಒಂದು ಹಳ್ಳಿಯಲ್ಲಿ ಸ್ವಯಂಸೇವಕಿಯಾಗಿ ಮಕ್ಕಳಿಗೆ ಗಣಿತ ಕಲಿಸಿ ಬಂದವಳು. ಅಲ್ಲಿದ್ದ ವರ್ಷದ ಬಹುಭಾಗ ಸಿಟ್ಟಿನಲ್ಲೇ ಕಳೆಯಿತು ಎಂದರೆ ಯಾರೂ ಒಪ್ಪುವುದಿಲ್ಲ. ಕಲಬುರಗಿಯ ಸೇಡಂ ರಸ್ತೆಯ ನಮ್ಮ ಬಡಾವಣೆಯ ಹೆಂಗಸರಂತೂ "ಸಿಂಹ ನೋಡಿದ್ರೇನ್ರೀ ಟೀಚರ?" ಎಂದು ಕೇಳಿ, ಇಲ್ಲ ಎಂದೊಡನೆ, ನಾನು ಆಫ್ರಿಕಾಕ್ಕೆ ಹೋಗಿದ್ದೇ ಸುಳ್ಳೇನೋ ಎಂಬಂತೆ ನೋಡುತ್ತಾರೆ. ಅಲ್ಲಿ ನನಗೆ ಕಂಡ ಅತ್ಯಂತ ಕ್ರೂರ ಪ್ರಾಣಿಯೆಂದರೆ ಒಣಹಾಕಿದ್ದ ನನ್ನ ಸೀರೆಯ ಸೆರಗನ್ನು ತಿಂದು ಮುಗಿಸಿದ ಒಂದು ಆಡು. ಆದರೆ ಆಡಿನ ಕಥೆ ಕೇಳುವ ಉತ್ಸಾಹ ಯಾರಿಗಿದೆ?

ಕಮಲಾಪುರದ ಹೈಸ್ಕೂಲಿನಿಂದ ನಿವೃತ್ತಳಾದ ಮೇಲೆ ಮನೆಯಲ್ಲಿ ಕೂತು ಧಾರಾವಾಹಿ ನೋಡಲಾರೆನೆಂದು ಹೊರಟವಳು ನಾನು. ಹಳ್ಳಿಗೆ ಕಾಲಿಟ್ಟ ದಿನ ಮಕ್ಕಳ ದಂಡೊಂದು "ಅಜುಂಗು! ಅಜುಂಗು!" ಎಂದು ಕೂಗುತ್ತ ಬೆನ್ನುಹತ್ತಿತು. ಹಾಗೆಂದರೆ ಬಿಳಿಯರು ಎಂದರ್ಥವಂತೆ. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಹಿಂದೆ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೆಲ್ಲ "ಹುಡುಗಿ ಶ್ಯಾಣ್ಯಾ ಇದ್ದಾಳ, ಬಣ್ಣ ಅಷ್ಟ ಸ್ವಲ್ಪ ಕಮ್ಮಿ" ಎಂದು ಹೇಳಿ, ಉಪ್ಪಿಟ್ಟನ್ನು ಮಾತ್ರ ಸ್ವಲ್ಪವೂ ಬಿಡದೆ ತಿಂದು ಹೋಗಿದ್ದರು. ಅವರನ್ನೆಲ್ಲ ಆ ಕೆಮ್ಮಣ್ಣಿನ ದಾರಿಯಲ್ಲಿ ಸಾಲಾಗಿ ನಿಲ್ಲಿಸಿ ಆ ಕೂಗು ಕೇಳಿಸಬೇಕು ಅನ್ನಿಸಿತು. ಆ ಸುಖ ಸಂಜೆಯವರೆಗೂ ಉಳಿಯಲಿಲ್ಲ. ನಾನು ಉಳಿದುಕೊಂಡ ಮನೆಯ ಯಜಮಾನಿ ಮಾಯಿ ಫಿರಿ ಮಕ್ಕಳನ್ನು ಗದರಿ ತಿದ್ದಿದರು. ಅವರ ಭಾಷೆಯಲ್ಲಿ ಮಾಯಿ ಎಂದರೆ ತಾಯಿ. ಅವರು ಇಂಗ್ಲಿಷ್ ಬೆರೆಸಿ ಮಾತಾಡುವ ಧಾಟಿಯೂ ನನ್ನ ಕಿವಿಗೆ ನಮ್ಮೂರ ಕನ್ನಡದಂತೆಯೇ ಕೇಳಿಸುತ್ತಿತ್ತು, ಆದ್ದರಿಂದ ಹಾಗೆಯೇ ಹೇಳುತ್ತೇನೆ. "ಬಿಳಿಯಾಕಿ ಅಲ್ಲ ಈಕಿ. ಇಂಡಿಯಾದಾಕಿ. ನಮ್ಮ ತೊಗರಿ ಕೊಳ್ಳೂದು ಬಿಟ್ಟಾರಲ್ಲ, ಅವರ ಪೈಕಿ."

ನೋಡಿ, ನಾನು ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ! ಅಷ್ಟರಲ್ಲೇ ಆರೋಪ ಹೊರಿಸಿ ಆಗಿತ್ತು. ಆ ಸೀಮೆಯಲ್ಲಿ ತೊಗರಿ ಬೆಳೆಯುತ್ತಾರೆ, ಬೆಳೆದದ್ದನ್ನು ನಮ್ಮ ದೇಶಕ್ಕೆ ಮಾರುತ್ತಾರೆ. ಆ ಸಲ ನಮ್ಮ ಸರಕಾರ ಹೊರಗಿನ ತೊಗರಿ ಬೇಡವೆಂದು ಬಾಗಿಲು ಹಾಕಿಕೊಂಡಿತ್ತು. ಮಾಯಿ ಫಿರಿ ತೊಗರಿ ಮಾರಿ, ಸೋರುವ ಹುಲ್ಲಿನ ಚಾವಣಿ ತೆಗೆದು ತಗಡು ಹೊದಿಸಬೇಕೆಂದಿದ್ದರು. ಮಾರದೆ ಉಳಿದ ಮೂಟೆಗಳೆಲ್ಲ ನನ್ನ ಕೋಣೆಯಲ್ಲೇ ಇದ್ದವು. ಮಳೆ ಬಂದರೆ ಅವರು ಓಡಿಬಂದು ಮೊದಲು ಮೂಟೆಗೆ ತಾಡಪತ್ರಿ ಮುಚ್ಚುತ್ತಿದ್ದರು, ಉಳಿದರೆ ನನಗೆ. ಪಂಪಿನ ಹತ್ತಿರ ನೀರಿಗೆ ಹೋದರೆ ಹೆಂಗಸರು ಕೊಡ ಕಸಿದುಕೊಂಡು ತಾವೇ ತುಂಬಿಸಿ ಕೊಡುತ್ತಿದ್ದರು, ಜೊತೆಗೆ "ಯಾಕ ಕೊಳ್ಳವಲ್ಲರಿ ನಿಮ್ಮೋರು?" ಎಂದು ಕೇಳುತ್ತಿದ್ದರು. ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೂ ಅದೇ. ನಾನು ಗಣಿತದ ಮೇಷ್ಟರಮ್ಮ, ವ್ಯಾಪಾರ ಮಂತ್ರಿಯಲ್ಲ ಎಂದು ಎಷ್ಟು ಹೇಳಿದರೂ, "ಹೌದ್ರೀ, ಆದ್ರೂ ಒಂದ್ ಮಾತು ಹೇಳ್ರಲ್ಲ ಅವರಿಗೆ" ಎನ್ನುತ್ತಿದ್ದರು. ಇಷ್ಟು ಮರ್ಯಾದೆಯಿಂದ ಅವಮಾನ ಮಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ತವರಿನವರಾದರೂ ಸಮಾಧಾನ ಹೇಳಿಯಾರು ಎಂದು, ಸಿಗ್ನಲ್ ಸಿಗುವ ಒಂದೇ ಜಾಗವಾದ ದೊಡ್ಡ ಹುತ್ತವನ್ನು ಹತ್ತಿ ಮಹಾಗಾಂವದ ಅಣ್ಣನಿಗೆ ಫೋನು ಮಾಡಿದೆ. ಅವನು ತೊಗರಿ ಬೆಳೆಗಾರ; ಕಲಬುರಗಿಯ ಕಾಳಿನ ಪೇಟೆಯಾದ ನೆಹರು ಗಂಜಿನ ಧಾರಣೆ ಏರಿದರೆ ಅವನ ಮೈಗೂ ಹುಷಾರು, ಇಳಿದರೆ ಜ್ವರ. ನನ್ನ ದೂರನ್ನು ಪೂರ್ತಿ ಕೇಳಲೇ ಇಲ್ಲ. "ಹೋದ ವರ್ಷ ಅದೇ ದೇಶದ ತೊಗರಿ ಬಂದು ನಮ್ಮ ರೇಟು ಮಣ್ಣಪಾಲಾಗ್ಯಾದ! ಬಾಗಲಾ ಹಾಕಿದ್ದು ಛಲೋ ಆತು. ನೀ ಅಲ್ಲಿ ಲೆಕ್ಕ ಅಷ್ಟ ಕಲಸು, ಒಕ್ಕಲತನ ಕಲಸಬ್ಯಾಡ. ಅಲ್ಲ, ನೀ ಯಾರ ಕಡಿ ಇದ್ದೀ ಮೊದಲ ಹೇಳು ನೋಡಣ?" ಎಂದ. ಹುತ್ತದ ಮೇಲೆ ಒಂಟಿ ಕಾಲಲ್ಲಿ ನಿಂತು, ಇರುವೆಗಳಿಂದ ಕಚ್ಚಿಸಿಕೊಳ್ಳುತ್ತ, ಎರಡು ಖಂಡಗಳಿಗೂ ತಪ್ಪಿತಸ್ಥಳಾಗುವುದು ಯಾವ ನ್ಯಾಯ, ನೀವೇ ಹೇಳಿ.

ಮಾರಲಾಗದಿದ್ದರೆ ಇವರು ನಮ್ಮ ಹಾಗೆ ಬೇಳೆ ಮಾಡಿಯಾದರೂ ತಿನ್ನಲಿ ಎಂದು ಒಂದು ಭಾನುವಾರ ಪಣತೊಟ್ಟೆ. ಅವರು ತೊಗರಿಯನ್ನು ಇಡಿಯಾಗಿ ಬೇಯಿಸಿ ಮೆಕ್ಕೆಜೋಳದ ಮುದ್ದೆಯ ಜೊತೆ ತಿನ್ನುತ್ತಾರೆ. ನಾನು ನೆನೆಸಿ, ಒಣಗಿಸಿ, ಕಲ್ಲಿನ ಮೇಲೆ ತಿಕ್ಕಿ ತಿಕ್ಕಿ ಅಂಗೈ ಬೊಬ್ಬೆ ಎಬ್ಬಿಸಿಕೊಂಡು ಬೇಳೆ ಮಾಡಿದೆ. ಊರಿಂದ ತಂದ ಜೀರಿಗೆ, ಬಳ್ಳೊಳ್ಳಿಯ ಒಗ್ಗರಣೆ ಕೊಟ್ಟೆ. ಆ ಘಮಕ್ಕೆ ಅರ್ಧ ಊರೇ ಅಂಗಳದಲ್ಲಿ ಸೇರಿತು. ಮಾಯಿ ಫಿರಿ ಒಂದು ತುತ್ತು ಬಾಯಿಗಿಟ್ಟು, ಬಹಳ ಹೊತ್ತು ಯೋಚಿಸಿ, ಕಾಳಜಿಯಿಂದ ಕೇಳಿದರು: "ಭಾಳ ಮೆತ್ತಗ ಆಗ್ಯಾದ. ಯಾರಿಗೆ ಆರಾಮಿಲ್ರೀ?" ಕಲಬುರಗಿಯ ಬೇಳೆಗೆ, ಜಗತ್ತೇ ಹೊಗಳುವ ಬೇಳೆಗೆ, ರೋಗಿಯ ಗಂಜಿಯ ಪಟ್ಟ! ಪಾತ್ರೆಯನ್ನು ಎತ್ತಿಕೊಂಡು ಹೋಗಿ ಸಿಟ್ಟಿನಲ್ಲಿ ನಾನೊಬ್ಬಳೇ ಅಷ್ಟನ್ನೂ ಉಂಡು, ಮರುದಿನ ನಿಜವಾಗಿಯೂ ಆರಾಮಿಲ್ಲದೆ ಮಲಗಿದೆ.

ನಾನು ಚೇತರಿಸಿಕೊಳ್ಳುವ ಹೊತ್ತಿಗೆ ಸುದ್ದಿ ಬಂತು. ಭಾರತ ಮತ್ತೆ ಬಾಗಿಲು ತೆರೆದಿದೆಯಂತೆ, ಲಾರಿ ಬರುತ್ತಿದೆಯಂತೆ. ಲಾರಿಯೂ ಬಂತು. ಖರೀದಿಗೆ ಬಂದ ಗುಮಾಸ್ತ ನಮ್ಮ ದೇಶದವನೇ. ಮೂಟೆಗೆ ಕೈಹಾಕಿ, ಹಸಿ ಇದೆ, ಹುಳು ಇದೆ, ಮಣ್ಣಿದೆ ಎಂದು ಮೂಗು ಮುರಿದು ಒಂದು ಧಾರಣೆ ಹೇಳಿದ. ಆ ಕಡಿಮೆ ದರಕ್ಕೂ ಮಾಯಿ ಫಿರಿ ತಲೆಯಾಡಿಸಲು ಹೊರಟಿದ್ದರು. ಮತ್ತೊಂದು ಮಳೆಗಾಲ ಎದುರಿಗಿತ್ತು, ಸೋರುವ ಚಾವಣಿ ಹಾಗೆಯೇ ಇತ್ತು. ಅಷ್ಟರಲ್ಲಿ ಅವನು ಮೂಟೆಯನ್ನು ಕಾಲಿನಿಂದ ಒದ್ದ. ಆಗ ನನಗೆ ಏನಾಯಿತೋ! ಚಿಕ್ಕಂದಿನಲ್ಲಿ ಅಪ್ಪನ ಕೈಹಿಡಿದು ಗಂಜಿನಲ್ಲಿ ತಿರುಗಿದ ಅಷ್ಟೂ ವರ್ಷಗಳು ಒಮ್ಮೆಲೇ ಮೈಮೇಲೆ ಬಂದವು. ಒಂದು ಕಾಳು ತೆಗೆದು ಕಚ್ಚಿ, ಕಟಕ್ಕೆಂದು ಅವನಿಗೆ ಕೇಳುವಂತೆ ಒಡೆದೆ. "ಕ್ಯಾಜೀ, ಗುಲ್ಬರ್ಗೇ ವಾಲೋಂಕು ತೂರ್ ಸಿಖಾರೈಂ ಕ್ಯಾ? ಹಸಿ ಕಾಳು ಹಿಂಗ ಸಪ್ಪಳ ಮಾಡ್ತದೇನು?" ಎಂದು, ಕಲಬುರಗಿಯವಳಿಗೇ ತೊಗರಿ ಪಾಠವೇ ಎಂಬ ಸಿಟ್ಟಿನಲ್ಲಿ, ಗಂಜಿನ ಹಿಂದಿ, ಕನ್ನಡ ಎಲ್ಲ ಕಲಸಿ ಕೂಗಿದೆ. ಅರ್ಧ ತಿಳಿಯಿತೋ ಇಲ್ಲವೋ, ಅವನು ಒಂದು ಹೆಜ್ಜೆ ಹಿಂದೆ ಸರಿದದ್ದು ನಿಜ. ನಾನು ಮಾಯಿ ಫಿರಿಯ ಕಡೆಗೆ ತಿರುಗಿ, "ಇಷ್ಟು ಕಡಿಮಿಗೆ ಕೊಡಬ್ಯಾಡ್ರಿ! ಲಾರಿ ಖಾಲಿ ಹೋಗಲಿ!" ಎಂದು ಊರಿಗೇ ಕೇಳುವಂತೆ ಸಾರಿದೆ. ಹೆಂಗಸರು ಮೂಟೆಗಳ ಮೇಲೆ ಹತ್ತಿ ಕೂತರು. ಗುಮಾಸ್ತ ಲಾರಿಯ ಮರೆಗೆ ಹೋಗಿ ಯಾರಿಗೋ ಫೋನು ಮಾಡಿದ, ಧಾರಣೆ ಏರಿಸಿದ, ಮತ್ತೆ ಮರೆಗೆ ಹೋದ, ಮತ್ತೆ ಏರಿಸಿದ. ಲಾರಿ ತುಂಬಿತು. ಮಾಯಿ ಫಿರಿ ನನ್ನನ್ನು ಅಪ್ಪಿಕೊಂಡು ಅತ್ತರು. ಆ ತಿಂಗಳೇ ಮನೆಗೆ ತಗಡು ಬಂತು. ಖಾಲಿಯಾದ ಕೋಣೆಯಲ್ಲಿ ಮೊದಲ ಸಲ ಕಾಲು ಚಾಚಿ ಮಲಗಿದೆ.

ಊರಿಗೆ ಮರಳಿದ ಮೇಲೆ ಮಹಾಗಾಂವಕ್ಕೆ ಊಟಕ್ಕೆ ಹೋಗಿದ್ದೆ. ಅಣ್ಣ ಕೆಂಡವಾಗಿ ಕೂತಿದ್ದ. "ಮತ್ತ ಆಫ್ರಿಕಾದ ಮಾಲು ಬಂದು ಬಿದ್ದದವಾ ತಂಗೀ. ನಮ್ಮ ರೇಟು ಇಳೀಲಿಕತ್ತದ. ಅಲ್ಲೇ ಇದ್ದೆಲ್ಲ ನೀ, ಕೊಡಬ್ಯಾಡ್ರಿ ಅಂತ ಒಂದ್ ಮಾತರ ಹೇಳಬೇಕಿಲ್ಲೋ ಆ ಮಂದಿಗೆ?"

ನನಗೂ ರೇಗಿತು. ಮಾಡಿದ್ದನ್ನು ಮಾಡಿಲ್ಲ ಎಂದರೆ ಯಾರಿಗೆ ರೇಗುವುದಿಲ್ಲ? "ಹೇಳೀನಿ ಅಣ್ಣಾ! ಲಾರಿ ಮುಂದ ನಿಂತು, ಇಡೀ ಊರಿಗೆ ಕೇಳೂ ಹಂಗ, ಕೊಡಬ್ಯಾಡ್ರಿ ಅಂತ ಒದರೀನಿ" ಎಂದೆ.

ಅವನ ಕಣ್ಣು ತುಂಬಿ ಬಂತು. "ನಮ್ಮ ಮನಿ ಮಗಳು ನೀ" ಎಂದು, ತನ್ನ ತಟ್ಟೆಯಲ್ಲಿದ್ದ ತುಪ್ಪದ ರೊಟ್ಟಿಯನ್ನು ಎತ್ತಿ ನನ್ನ ತಟ್ಟೆಗೆ ಹಾಕಿದ. ಎರಡು ಖಂಡಗಳೂ ನನ್ನನ್ನು ಮೆಚ್ಚಿಕೊಂಡ ಮೇಲೆ, ಸಿಟ್ಟಾಗಲು ನನಗೆ ಉಳಿದವಳು, 'ಇಷ್ಟು ಕಡಿಮಿಗೆ' ಎಂಬುದನ್ನು ಬಿಟ್ಟು ಹೇಳಿದ ನಾನೊಬ್ಬಳೇ. ಅವಳ ಮೇಲಿನ ಸಿಟ್ಟನ್ನು ನುಂಗಿಕೊಂಡು, ರೊಟ್ಟಿಯನ್ನು ಪೂರ್ತಿ ತಿಂದೆ.