ಅಜ್ಜಿ ತುಂಬಿಕೊಟ್ಟ ಟೂತ್‌ಪೇಸ್ಟ್

ತಾವ್ ರುಯಿಲಿನ್‌ನ ಟೂತ್‌ಪೇಸ್ಟ್ ಟ್ಯೂಬಿನಲ್ಲಿ ಟೂತ್‌ಪೇಸ್ಟ್ ಇರಲಿಲ್ಲ.

ಇದ್ದದ್ದು ತೋಫು, ಸೋಯಾ ಹಾಲಿನ ಗಿಣ್ಣು. ಶಾವೊಶಿಂಗ್‌ನ ಅವನ ಅಜ್ಜಿ ಆರು ತಿಂಗಳು ಮಡಕೆಯಲ್ಲಿ ಹುದುಗಿಸಿ, ಅಕ್ಕಿಯ ಮದ್ಯದಲ್ಲಿ ನೆನೆಸಿ, ಬೆಣ್ಣೆಯಂತೆ ಅರೆದದ್ದು, ವಾಸನೆ ಬಲು ಘಾಟು. ಟ್ಯೂಬಿನ ಬಾಲ ಬಿಚ್ಚಿ, ಪೇಸ್ಟನ್ನೆಲ್ಲ ತೊಳೆದು ಚೆಲ್ಲಿ, ಇದನ್ನು ತುಂಬಿ, ಇಸ್ತ್ರಿಪೆಟ್ಟಿಗೆಯ ಅಂಚಿನಿಂದ ಒತ್ತಿ ಅಂಟಿಸಿದ್ದಳು. "ಮೇಲೆ ಹೋದವ್ರಿಗೆ ಮೂಗು ಕಟ್ಟತ್ತಂತೆ, ಊಟ ರದ್ದಿ ಕಾಗದ ತಿಂದ ಹಾಗಿರತ್ತಂತೆ. ಇದೊಂದೇ ನಾಲಿಗೆಗೆ ತಾಗೋದು ಮಗಾ," ಎಂದಿದ್ದಳು.

ಅಜ್ಜಿಯ ಮಾತು ಸುಳ್ಳಾಗಲಿಲ್ಲ. ತೂಕವಿಲ್ಲದ ಕಡೆ ಮೈಯ ನೀರೆಲ್ಲ ತಲೆಗೇರಿ, ಬಾಹ್ಯಾಕಾಶ ನಿಲ್ದಾಣದ ಮೂವರೂ ಮುಗಿಯದ ನೆಗಡಿಯವರಂತೆ ಮುಖ ಊದಿಸಿಕೊಂಡಿದ್ದರು. ಆದರೆ ಪಟ್ಟಿಯಲ್ಲಿಲ್ಲದ ಒಂದು ಎಳ್ಳುಕಾಳೂ ಮೇಲೆ ಬರುವಂತಿಲ್ಲವೆಂಬುದು ನಿಯಮ. ಮೇಲೆ ಹೋಗುವ ಪ್ರತಿಯೊಂದನ್ನೂ ಮೂಸಿ ನೋಡಲೆಂದೇ ನೆಲದ ಮೇಲೆ ಸಂಬಳ ತೆಗೆದುಕೊಳ್ಳುವ ಐದು ಮೂಗುಗಳಿದ್ದವು. ಮುಚ್ಚಿದ ಟೂತ್‌ಪೇಸ್ಟನ್ನು ಮಾತ್ರ ಆ ಮೂಗುಗಳು ನಂಬಿಬಿಟ್ಟವು. ಸಿಕ್ಕಿಬಿದ್ದರೆ ಏನಾಗುತ್ತದೆಂದು ತಾವ್‌ಗೆ ಗೊತ್ತಿತ್ತು. ಇನ್ನು ಎಂಟು ದಿನಕ್ಕೆ ಅವನ ಬಾಹ್ಯಾಕಾಶ ನಡಿಗೆ. ಒಂಬತ್ತು ವರ್ಷ ನೀರಿನ ತೊಟ್ಟಿಯಲ್ಲಿ ಮುಳುಗಿ ಮುಳುಗಿ, ಬೆರಳೆಲ್ಲ ಒಣದ್ರಾಕ್ಷಿ ಮಾಡಿಕೊಂಡು ಕಾದದ್ದು ಅದೊಂದಕ್ಕೇ. ಅದು ಕೈತಪ್ಪುತ್ತಿತ್ತು.

ಆ ಬೆಳಿಗ್ಗೆ ಮಲಗುವ ಗೂಡಿನ ಪರದೆ ಎಳೆದುಕೊಂಡು ಬನ್ನಿನ ಮೇಲೆ ಹಿಂಡುವಾಗ ಕೈ ಸ್ವಲ್ಪ ಜೋರಾಯಿತು. ಕಡಲೆಕಾಳಿನಷ್ಟು ಒಂದು ಉಂಡೆ ಪುಳಕ್ಕನೆ ಹೊರಬಂದು, ಶಾಲೆ ಬಿಟ್ಟ ಮಗುವಿನಂತೆ ಪರದೆಯ ಸಂದಿಯಿಂದ ಹೊರಟೇಹೋಯಿತು. ಬನ್ನನ್ನು ಬಾಯಿಗೆ ತುರುಕಿಕೊಂಡು ತಾವ್ ಹಿಂದೆಯೇ ತೇಲಿದ. ಉಂಡೆ ಎಲ್ಲೂ ಇಲ್ಲ.

ನಿಲ್ದಾಣದಲ್ಲಿ ಕಳೆದದ್ದೆಲ್ಲ, ಪೆನ್ನಾಗಲಿ ತಲೆಕೂದಲಾಗಲಿ, ಗಾಳಿ ಎಳೆದುಕೊಳ್ಳುವ ಜಾಲರಿಯ ಮೇಲೆ ಇಂದಲ್ಲ ನಾಳೆ ಬಂದು ಕೂರುತ್ತದೆ. ತಾವ್ ಅದರ ಮುಂದೆ ಹೋಗಿ ಕಾದ.

"ಏನೋ ಚಿಕ್ಕ ತಾವ್, ಜಾಲರಿ ಜೊತೆ ಮಾತಾಡ್ತಿದೀಯಾ?" ನಿಂಗ್ ಶೂಫೆನ್ ಕೇಳಿದಳು. ಅವಳು ಭತ್ತದ ವಿಜ್ಞಾನಿ. ಪಕ್ಕದ ಗಾಜಿನ ಕಪಾಟಿನಲ್ಲಿ ನಲವತ್ತೆರಡು ದಿನಗಳಿಂದ ಅವಳು ಬೆಳೆಸುತ್ತಿದ್ದ ಗಿಡ್ಡ ತಳಿಯ ಪೈರು ಇನ್ನೇನು ತೆನೆ ಬಿಡುವುದರಲ್ಲಿತ್ತು. ಅದಕ್ಕೆ ಬೆಳಿಗ್ಗೆ ಸಂಜೆ ಊರಿನ ಸುದ್ದಿ ಹೇಳುವವಳು ಅವಳು.

"ಗುಂಡಿ ಬಿತ್ತಕ್ಕಾ. ಅಂಗೀದು."

"ನಿನ್ನ ಅಂಗೀಲಿ ಗುಂಡಿ ಎಲ್ಲಿದೆಯೋ? ಬರೀ ಜಿಪ್ಪು!"

ತಾವ್ ಉತ್ತರ ಹುಡುಕುವಷ್ಟರಲ್ಲಿ ಕಮಾಂಡರ್ ಗೆಂಗ್ ದಾಶಾನ್, ಐವತ್ತೆರಡರ ಭಾರಿ ಆಳು, ಬ್ರಷ್ ಹಿಡಿದು ತೇಲಿ ಬಂದ. ಬ್ರಷ್ಷಿನ ಮೇಲೆ ಏನೋ ಕೆನೆಬಣ್ಣದ್ದು ಇತ್ತು.

"ನಂದು ಮುಗೀತು ಕಣೋ, ನಿನ್ನ ಪೇಸ್ಟು ತಗೊಂಡೆ. ಬೇಜಾರಿಲ್ಲ ತಾನೇ?"

ಗೆಂಗ್ ಗಂಭೀರವಾಗಿ, ಎಡಗಡೆಯಿಂದ ಬಲಗಡೆಗೆ, ಬಲಗಡೆಯಿಂದ ಎಡಗಡೆಗೆ ಉಜ್ಜಿದ. ಇಲ್ಲಿ ಉಗುಳುವುದು ರಗಳೆಯ ಕೆಲಸ, ನುಂಗುವುದೇ ಪದ್ಧತಿ. ನುಂಗಿದ.

"ಉಪ್ಪುಪ್ಪಾಗಿದೆ. ಗಿಡಮೂಲಿಕೆದಾ?"

"ಹೂಂ ಅಣ್ಣ. ಒಸಡಿಗೆ ಒಳ್ಳೇದು."

"ವಿಚಿತ್ರ ನೋಡು, ಹಲ್ಲುಜ್ಜಿದ್ಮೇಲೆ ಹಸಿವು ಜಾಸ್ತಿ ಆಯ್ತು."

ಆಗ ಸೈರನ್ ಕೂಗಿತು.

ಕೆಂಪು ದೀಪಗಳು ಹತ್ತಿದವು. ಗಾಳಿ ಪರೀಕ್ಷಿಸುವ ಯಂತ್ರದ ಪರದೆಯಲ್ಲಿ 'ಗುರುತಿಲ್ಲದ ಅನಿಲ' ಎಂದು ಬಂತು. ಪಕ್ಕದಲ್ಲೇ ಒಂದು ಅಂಕಿ: ಹನ್ನೆರಡು. ಮೂವರೂ ಮಾಸ್ಕ್ ಹಾಕಿಕೊಂಡರು. ಬೀಜಿಂಗ್‌ನ ಕೇಂದ್ರದಿಂದ ನಿರ್ದೇಶಕ ಹೌ ಅವರ ಧ್ವನಿ ಕೇಳಿಸಿತು, ಮರದ ಹಲಗೆಯಷ್ಟು ಒಣ ಧ್ವನಿ.

"ಮೂಲ ಹುಡುಕಿ. ಐವತ್ತು ದಾಟಿದ್ರೆ ಅಪಾಯ."

ಮೂಲ ಯಾವುದೆಂದು ತಾವ್‌ಗೆ ಗೊತ್ತಿತ್ತು. ಆ ಉಂಡೆ! ಯಾವುದೋ ಬಿಸಿ ಯಂತ್ರದೊಳಗೆ ಹೊಕ್ಕು ಹೊಗೆಯಾಡುತ್ತಿರಬೇಕು. ಮಾಸ್ಕಿನೊಳಗೆ ಅವನ ಬೆವರು ಕೆಳಗಿಳಿಯದೆ ಹಣೆಗೇ ಅಂಟಿ ಗುಳ್ಳೆಯಾಯಿತು.

"ಮೂಸಿ ನೋಡ್ಬೇಕಪ್ಪ, ಬೇರೆ ದಾರಿ ಇಲ್ಲ," ಎಂದು ಗೆಂಗ್ ಮಾಸ್ಕ್ ಸರಿಸಿದ; ಉಳಿದಿಬ್ಬರೂ ಸರಿಸಿದರು. ಹೀಗೆ, ಏನೂ ವಾಸನೆ ಹತ್ತದ ಮೂರು ಮೂಗುಗಳು ಕುರುಡರು ಸೂಜಿ ಹುಡುಕಿದಂತೆ ನಿಲ್ದಾಣವನ್ನೆಲ್ಲ ಮೂಸತೊಡಗಿದವು. ಗೆಂಗ್ ಶೌಚದ ಕೊಳವೆಯೊಳಗೆ ಮುಖವಿಟ್ಟು "ಇಲ್ಲಿ ಏನೂ ಇಲ್ಲ" ಎಂದ. ಅವನ ಮೂಗಿನ ಮೇಲಿದ್ದ ನಂಬಿಕೆಯೂ ಅಲ್ಲಿಗೆ ಹೋಯಿತು. ನಿಂಗ್ ತಾವ್‌ನ ಕಾಲುಚೀಲ ಹಿಡಿದೆಳೆದು ಮೂಸಿದಳು.

"ಇದೇ ಇರ್ಬೋದು ಗೆಂಗ್ ಅಣ್ಣ."

"ಎಷ್ಟು ದಿನದ್ದೋ ಅದು?"

"ಒಂದು ವಾರ," ಎಂದ ತಾವ್, ಆಸೆಯಿಂದ. ತಪ್ಪು ಕಾಲುಚೀಲದ್ದಾದರೆ ಅದಕ್ಕಿಂತ ಭಾಗ್ಯವಿಲ್ಲ. ಕಾಲುಚೀಲವನ್ನು ಚೀಲಕ್ಕೆ ಹಾಕಿ ಬಿಗಿದರು. ಅಂಕಿ ಹನ್ನೆರಡರಿಂದ ಇಪ್ಪತ್ತಾರಕ್ಕೇರಿತು. ತಾವ್ ಜಾಲರಿಯತ್ತ ತೇಲಿದ. ಅಲ್ಲಿ ನಿಂಗ್‌ಳ ಒಂದು ಕೂದಲ ಕ್ಲಿಪ್ಪು, ಒಂದು ನೂಲು, ಅಷ್ಟೆ. ಮೂವತ್ತೊಂಬತ್ತು.

"ಭತ್ತದ ಕಪಾಟಿನ ಮೇಲೆ ಅನುಮಾನ ಇದೆ," ಎಂದಿತು ಒಣ ಧ್ವನಿ. "ಬೇರಿಗೆ ಬೂಸ್ಟು ಹಿಡಿದಿರ್ಬೋದು. ಹತ್ತು ನಿಮಿಷದಲ್ಲಿ ಬೇರೆ ಮೂಲ ಸಿಗ್ದೇ ಇದ್ರೆ ಪೈರು ಪೂರ್ತಿ ಕತ್ತರಿಸಿ, ಶೀತಪೆಟ್ಟಿಗೆಗೆ ಹಾಕಿ."

ನಿಂಗ್ ಕಪಾಟಿನ ಬಾಗಿಲು ತೆರೆದು ಒಂದೊಂದೇ ಬೇರನ್ನು ನೋಡಿದಳು.

"ಬೂಸ್ಟಿಲ್ಲ ಸರ್. ಇಲ್ವೇ ಇಲ್ಲ. ನಾಡಿದ್ದು ತೆನೆ ಬರತ್ತೆ. ಎರಡು ದಿನ ಕೊಡಿ."

"ಎಂಟು ನಿಮಿಷ ಇದೆ."

ಗೆಂಗ್ ಮೆಲ್ಲನೆ, "ನೋಡಮ್ಮ, ನಾನು ಕತ್ತರಿಸ್ತೀನಿ, ನೀನು ಆ ಕಡೆ ಹೋಗು," ಎಂದ. "ಬೇಡ ಅಣ್ಣ, ಬೆಳೆಸಿದೋಳು ನಾನು," ಎಂದು ಅವಳೇ ಕತ್ತರಿ ತೆಗೆದುಕೊಂಡಳು. ಇಲ್ಲಿ ಕಣ್ಣೀರು ಕೆನ್ನೆಗಿಳಿಯುವುದಿಲ್ಲ, ಕಣ್ಣಿನ ಮೇಲೇ ದುಂಡಗೆ ನಿಲ್ಲುತ್ತದೆ. ಆ ಎರಡು ದುಂಡುಗಳ ಹಿಂದಿನಿಂದ ಅವಳು ಮೊದಲ ಬುಡವನ್ನು ತಡಕಿದಳು.

ತಾವ್ ಕಿಟಕಿಯ ಹೊರಗೆ ನೋಡಿದ. ಹೊರಗೆ ಒಂಬತ್ತು ವರ್ಷ ಇತ್ತು. ಒಳಗೆ ನೋಡಿದ. ಒಳಗೆ ನಲವತ್ತೆರಡು ದಿನ. ಯಾವ ಗಣಿತದಲ್ಲೂ ಒಂಬತ್ತು ವರ್ಷವೇ ದೊಡ್ಡದು. ಸುಮ್ಮನಿರು, ಸುಮ್ಮನಿರು, ಎಂದುಕೊಂಡ. ಕತ್ತರಿ ಬಾಯಿ ತೆರೆಯಿತು.

"ನಿಲ್ಸಿ! ಅಕ್ಕಾ, ಕತ್ತರಿಸ್ಬೇಡಿ! ಭತ್ತದ್ದಲ್ಲ, ನಂದು!"

ಅವನ ಧ್ವನಿ ಕೇಂದ್ರದ ಅರವತ್ತು ಜನರ ಕಿವಿಯಲ್ಲೂ ಕೂಗಿತು. "ನನ್ನ ಟೂತ್‌ಪೇಸ್ಟು ಟೂತ್‌ಪೇಸ್ಟಲ್ಲ. ತೋಫು. ನಮ್ಮಜ್ಜಿ ಮಾಡಿದ್ದು. ಬೆಳಿಗ್ಗೆ ಒಂದು ಉಂಡೆ ತಪ್ಪಿಸ್ಕೊಂಡಿದೆ. ಅದೇ ಈ ವಾಸನೆ."

ಗೆಂಗ್ ಕೈ ತುಟಿಗೆ ಹೋಯಿತು. ಕೇಂದ್ರದಲ್ಲಿ ದೂರದ ಮೈಕಿನಲ್ಲಿ ಯಾರೋ ಕಿಸಕ್ಕನೆ ನಕ್ಕು, ತಕ್ಷಣ ಕೆಮ್ಮಿದರು.

"ತಾವ್," ಎಂದರು ಹೌ. "ನನ್ನ ಕೈಯಲ್ಲೊಂದು ಕಾಗದ ಇದೆ. ಓದ್ತೀನಿ ಕೇಳು. 'ಅಣಕು ಕಾರ್ಯಾಚರಣೆ ಇಲ್ಲಿಗೆ ಮುಗಿಯಿತು. ಯಂತ್ರದ ಅಂಕಿಗಳನ್ನು ನಾವೇ ಇಲ್ಲಿಂದ ಕಳಿಸಿದ್ದು. ನಿಲ್ದಾಣದ ಗಾಳಿ ಶುದ್ಧವಾಗಿದೆ. ಪೈರನ್ನು ಮುಟ್ಟಬೇಡಿ.' ನಿಂಗ್ ಕತ್ತರಿ ತೆರೆದ ತಕ್ಷಣ ಇದನ್ನ ಓದ್ಬೇಕಿತ್ತು. ಓದೋಕೆ ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ನೀನು ತೆಗೆದೆ."

ಕೆಂಪು ದೀಪಗಳು ಆರಿದವು. ನಿಜವಾದ ಅಂಕಿ ಪರದೆಗೆ ಬಂತು: ಸೊನ್ನೆ. ಅಜ್ಜಿಯ ಆರು ತಿಂಗಳ ಶ್ರಮವನ್ನು ಯಂತ್ರ ಗಮನಿಸಿಯೇ ಇರಲಿಲ್ಲ. ನಿಂಗ್ ಕಣ್ಣೊರೆಸಿಕೊಂಡು, ತಾವ್‌ನ ಕತ್ತಿನ ಹಿಂದಿನ ಕೂದಲಿಂದ ಕಡಲೆಕಾಳಿನಷ್ಟು ಏನನ್ನೋ ಬಿಡಿಸಿ, "ಇದೇನಾ?" ಎಂದಳು.

"ಅಂಕ ಹೇಳ್ಬಿಡ್ತೀನಿ," ಎಂದರು ಹೌ. "ಗೆಂಗ್‌ಗೆ ತೊಂಬತ್ತು. ನಿಂಗ್‌ಗೆ ತೊಂಬತ್ತೈದು. ತಾವ್, ಪ್ರಾಮಾಣಿಕತೆಗೆ ನಿನಗೆ ನೂರಕ್ಕೆ ನೂರು. ಹೊರಗಿನ ನಡಿಗೆಗೆ ಗೆಂಗ್ ಜೊತೆ ನಿಂಗ್ ಹೋಗ್ತಾರೆ. ನೀನು ಒಳಗಿದ್ದು ಭತ್ತಕ್ಕೆ ನೀರು ಹಾಕು. ಇನ್ನು ಆ ವಸ್ತು... ಕಮಾಂಡರ್, ನಿಮ್ಮ ಎದುರಿಗೇ, ಈಗ್ಲೇ ಅದನ್ನ ನಾಶ ಮಾಡಿಸಿ. ಚೂರೂ ಉಳೀಬಾರ್ದು."

"ಆಜ್ಞೆ," ಎಂದ ಗೆಂಗ್. ಸಂಪರ್ಕ ಕಡಿಯಿತು.

ಗೆಂಗ್ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸುವವನು. ಆರು ಬನ್ನು ಬಿಸಿ ಮಾಡಿದ. ಮೂರು ನಿಂಗ್‌ಗೆ, ಮೂರು ತನಗೆ. ಟ್ಯೂಬನ್ನು ಬಾಲದಿಂದ ಸುರುಳಿ ಸುತ್ತುತ್ತ, ಚೂರೂ ಉಳಿಯದಂತೆ ಹಿಂಡಿದ. ತಾವ್ ಹತ್ತಿರ ತೇಲಿ ಬಂದು, "ಅಣ್ಣ, ನಂಗೂ ಒಂದು ತುತ್ತು..." ಎಂದು ಕೈ ಚಾಚಿದ.

ಗೆಂಗ್ ತುಂಬಿದ ಬಾಯಲ್ಲೇ ಆ ಕೈಯನ್ನು ಪಕ್ಕಕ್ಕೆ ಸರಿಸಿದ.

"ನೀನು ಆರೋಪಿ ಕಣೋ. ಆರೋಪಿ ಸಾಕ್ಷ್ಯ ಮುಟ್ಟೋ ಹಾಗಿಲ್ಲ."