ಹೌದು, ಇಲ್ಲ, ಮತ್ತು ಒಂದು ತೂತು

ಇಡೀ ಅರ್ಜಿಯಲ್ಲಿ ಕನ್ನಡಕದಣ್ಣನನ್ನು ಕಾಡಿದ್ದು ಒಂದೇ ಒಂದು ಪ್ರಶ್ನೆ. ಹೆಸರು, ಹುಟ್ಟಿದ ಊರು, ಎತ್ತರ, ಕುತ್ತಿಗೆಯ ಮೇಲಿನ ಮಚ್ಚೆ ಎಲ್ಲವನ್ನೂ ಟ್ರಾವೆಲ್ ಏಜೆಂಟೇ ಪೆನ್ನಿನಲ್ಲಿ ತುಂಬಿಕೊಟ್ಟಿದ್ದ. ಕೊನೆಯ ಪುಟದ ಒಂದು ಸಾಲನ್ನು ಮಾತ್ರ ಖಾಲಿ ಬಿಟ್ಟು, "ಇದನ್ನ ನೀವೇ ಟಿಕ್ ಮಾಡ್ಕೊಳ್ಳಿ ಸಾರ್. ಎಲ್ರೂ 'ಇಲ್ಲ' ಅಂತಾನೇ ಹಾಕೋದು" ಎಂದು ನಕ್ಕು ಕಳಿಸಿದ್ದ. ಆ ಸಾಲು ಹೀಗಿತ್ತು: 'ನಿಮಗೆ ಎಂದಾದರೂ, ಯಾವುದಾದರೂ ನ್ಯಾಯಾಲಯದಿಂದ, ಯಾವುದಾದರೂ ಅಪರಾಧಕ್ಕೆ, ಯಾವುದಾದರೂ ಶಿಕ್ಷೆಯಾಗಿದೆಯೇ?' ಮುಂದೆ ಎರಡು ಪುಟ್ಟ ಚೌಕ. ಒಂದು ಹೌದು, ಇನ್ನೊಂದು ಇಲ್ಲ.

ಆ 'ಯಾವುದಾದರೂ'ಗಳು ತಪ್ಪಿಸಿಕೊಳ್ಳುವ ಬಾಗಿಲುಗಳಲ್ಲೆಲ್ಲ ನಿಂತ ಪೊಲೀಸರಂತೆ ಅವನನ್ನು ದಿಟ್ಟಿಸುತ್ತಿದ್ದವು. ಪೆನ್ಸಿಲ್ ಹಿಡಿದು, ಬೆಳಗಿನ ಕಾಫಿ ಆರಿ ಕೆನೆ ಕಟ್ಟುವವರೆಗೂ ಅವನು ಚೌಕಗಳನ್ನೇ ನೋಡುತ್ತ ಕೂತ. ಅವನ ಕಣ್ಣಿಗೇನೂ ದೋಷವಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸವಾದ್ದರಿಂದ ಬೀದಿಯವರು ಆ ಹೆಸರಿಟ್ಟಿದ್ದರು. ಸ್ವಂತಕ್ಕೆ ಅವನು ಎಂದೂ ಕನ್ನಡಕ ಹಾಕಿದವನಲ್ಲ. ಇವತ್ತು ಮಾತ್ರ ಅಕ್ಷರಗಳು ಒಮ್ಮೆ ದಪ್ಪಗೆ, ಒಮ್ಮೆ ಸಣ್ಣಗೆ ಕಾಣತೊಡಗಿದ್ದವು.

ಬರೀ ಊರು ಸುತ್ತುವ ಪ್ರಯಾಣವಾಗಿದ್ದರೆ ಅರ್ಜಿಯನ್ನು ಹರಿದು ಹಾಕಿ ನೆಮ್ಮದಿಯಾಗಿ ಇದ್ದುಬಿಡುತ್ತಿದ್ದ. ಆದರೆ ಹೊರದೇಶದಲ್ಲಿ ನರ್ಸಾಗಿರುವ ಅವನ ಅಕ್ಕ, ಮದುವೆಯೇ ಬೇಡವೆಂದು ತಲೆಗೂದಲು ನೆರೆಯುವವರೆಗೂ ಒಂಟಿಯಾಗಿದ್ದವಳು, ಈಗ ಅಲ್ಲಿಯ ಬಸ್ ಡ್ರೈವರೊಬ್ಬನನ್ನು ಮೆಚ್ಚಿ ಮದುವೆಯಾಗುತ್ತಿದ್ದಳು. "ನನ್ನ ಕಡೆಯವರು ಅಂತ ನಿಲ್ಲೋಕೆ ನೀನೊಬ್ಬನೇ ಕಣೋ ಇರೋದು. ನೀನು ಬರ್ಲಿಲ್ಲ ಅಂದ್ರೆ ಅನಾಥೆ ಥರ ನಿಲ್ಬೇಕಾಗುತ್ತೆ" ಎಂದು ಫೋನಿನಲ್ಲಿ ಅತ್ತಿದ್ದಳು. ಟಿಕೆಟ್ಟನ್ನೂ ಅವಳೇ ಕಳಿಸಿದ್ದಳು. ಉಳಿದಿದ್ದು ವೀಸಾ ಒಂದೇ. ಅದರ ಸಂದರ್ಶನ ಇವತ್ತೇ ಮಧ್ಯಾಹ್ನ.

ಅವನ ಅಪರಾಧವಾದರೂ ಏನು? ಅಕ್ಕ ನರ್ಸಿಂಗ್ ಪರೀಕ್ಷೆಗೆ ಓದುತ್ತಿದ್ದ ಕಾಲ. ಎದುರಿಗೆ ಹೊಸದಾಗಿ ಚಪ್ಪಲಿ ಅಂಗಡಿ ತೆರೆದವನು ದೀಪದ ಕಂಬಕ್ಕೆ ಧ್ವನಿವರ್ಧಕ ಕಟ್ಟಿ, 'ಬೂಟು ಕೊಂಡರೆ ಕಾಲುಚೀಲ ಉಚಿತ' ಎಂದು ಬೆಳಗಿಂದ ಸಂಜೆಯವರೆಗೆ ಕಿರುಚಿಸುತ್ತಿದ್ದ. ಅಕ್ಕ ಕಿವಿಗೆ ಹತ್ತಿ ತುರುಕಿಕೊಂಡು ಅಳುವುದನ್ನು ನೋಡಲಾರದೆ, ಆಗತಾನೇ ಮೀಸೆ ಚಿಗುರುತ್ತಿದ್ದ ತಮ್ಮ ಇಕ್ಕಳ ಹಿಡಿದು ಕಂಬ ಹತ್ತಿದ. ವೈರನ್ನು ಕತ್ತರಿಸಿಯೂ ಬಿಟ್ಟ. ಕತ್ತರಿಸಿದ್ದು ಮಾತ್ರ ಬೇರೆ ವೈರು. ಬೀದಿಗೆ ಬೀದಿಯೇ ಫ್ಯಾನುಗಳು ನಿಂತವು. ಊಟ ಮುಗಿಸಿ ಮಲಗಿದ್ದ ಮ್ಯಾಜಿಸ್ಟ್ರೇಟರ ನೆತ್ತಿಯ ಮೇಲಿನದೂ ನಿಂತಿತು. ಬ್ಯಾಟರಿಯ ಮೇಲೆ ನಡೆಯುತ್ತಿದ್ದ ಧ್ವನಿವರ್ಧಕವೊಂದು ಮಾತ್ರ ಕಾಲುಚೀಲದ ಸುದ್ದಿ ಸಾರುತ್ತಲೇ ಇತ್ತು.

ಮಾರನೆಯ ದಿನ ಅದೇ ಮ್ಯಾಜಿಸ್ಟ್ರೇಟರು ನಿದ್ದೆಗೆಟ್ಟ ಕಣ್ಣಿನಿಂದ ಅವನನ್ನು ನೋಡಿ, ಸಣ್ಣದೊಂದು ದಂಡ ಹಾಕಿ, ದಿನದ ಕಲಾಪ ಮುಗಿದು ಕೋರ್ಟು ಏಳುವವರೆಗೆ ಮೂಲೆಯಲ್ಲಿ ನಿಂತಿರುವ ಶಿಕ್ಷೆ ಕೊಟ್ಟರು. ಅದನ್ನು ಶಿಕ್ಷೆ ಅನ್ನಬೇಕೆ? ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಿಸಿದ್ದರು.

"ಲೇ, ಮೂಲೇಲಿ ನಿಲ್ಸೋದು ಶಿಕ್ಷೇನೇನೇ?" ಎಂದು ಅವನು ಅಡುಗೆಮನೆಯತ್ತ ಕೂಗಿದ.

"ಯಾರನ್ನ ನಿಲ್ಸಿದ್ರು?"

"ನನ್ನ. ಕೋರ್ಟಲ್ಲಿ."

ಒಳಗೆ ಪಾತ್ರೆಯೊಂದು ಬಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿಗೆ ಈ ಕತೆ ಹೇಳಿರಲಿಲ್ಲವೆಂಬುದು ಅವನಿಗೆ ಆಗ ನೆನಪಾಯಿತು. ಅವಳು ಸೌಟು ಹಿಡಿದೇ ಹೊರಗೆ ಬಂದಳು.

"ಕೋರ್ಟಲ್ಲಾ! ಏನ್ರೀ ಮಾಡಿದ್ರಿ?"

"ವೈರು ಕತ್ತರಿಸ್ದೆ. ಅಷ್ಟೇ."

"ಅಷ್ಟೇ ಅಂತೆ! ಮದುವೆಗೆ ಮುಂಚೆ ನಮ್ಮಪ್ಪ 'ಹುಡುಗ ಹೇಗೆ' ಅಂತ ಸಿಕ್ಕಸಿಕ್ಕವರನ್ನೆಲ್ಲಾ ವಿಚಾರಿಸಿದ್ರು. ಒಬ್ರಾದ್ರೂ ಬಾಯಿ ಬಿಡ್ಲಿಲ್ವಲ್ಲ!"

"ಅವರು ವೈರಿನ ಬಗ್ಗೆ ಕೇಳಿರ್ಲಿಲ್ಲ ಕಣೇ."

ಕೆಳಗಿನ ಮನೆಯಲ್ಲಿ ಟೈಲರಮ್ಮನ ಹೊಲಿಗೆಯಂತ್ರ ಗಕ್ಕನೆ ನಿಂತಿತು. ಅದು ನಿಂತರೆ ಯಾರದೋ ಮನೆಯ ವಿಷಯ ಶುರುವಾಯಿತೆಂದೇ ಲೆಕ್ಕ. ಕಿಟಕಿಯಿಂದ ಅವಳ ತಲೆ ಹೊರಬಂತು.

"ವೈರು ಅಂದ್ರೆ ತಾಮ್ರದ್ದಾ ಅಣ್ಣಾ?"

"ಒಳಗೆ ತಾಮ್ರಾನೇ ಇರುತ್ತಮ್ಮಾ."

"ಅಯ್ಯೋ, ತಾಮ್ರಕ್ಕೆ ಒಳ್ಳೇ ರೇಟಿದೆ ಬಿಡಿ!" ಎಂದು ತಲೆ ಒಳಗೆ ಹೋಯಿತು. ಯಂತ್ರ ಮಾತ್ರ ಮತ್ತೆ ಶುರುವಾಗಲಿಲ್ಲ.

ಹೆಂಡತಿ ಅವನನ್ನು ಮೇಲಿನ ಮಹಡಿಗೆ ಅಟ್ಟಿದಳು. ಅಲ್ಲಿದ್ದವರು ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದ ಮುದುಕರು. ಎಲ್ಲರೂ ಅವರನ್ನು ಕೋರ್ಟುಮಾವ ಎನ್ನುತ್ತಿದ್ದರು. ಬಹಳ ದಿನದಿಂದ ಯಾರೂ ಏನನ್ನೂ ಕೇಳದೆ ಬತ್ತಿಹೋಗಿದ್ದ ಅವರ ಮುಖ, ಕತೆ ಕೇಳುತ್ತ ಕೇಳುತ್ತ ನೀರು ಹಾಕಿದ ಗಿಡದಂತೆ ಎದ್ದು ನಿಂತಿತು.

"ಕೋರ್ಟು ಏಳೋವರೆಗೆ ನಿಲ್ಸೋದು ಅಂದ್ರೆ ಅದು ಸೆರೆವಾಸಾನೇ ಕಣಯ್ಯಾ! ಎಷ್ಟು ಹೊತ್ತು ನಿಂತಿದ್ದೆ?"

"ತುಂಬಾ ಹೊತ್ತೇನಿಲ್ಲ ಮಾವ. ಅವ್ರಿಗೆ ತಲೆನೋವು ಬಂದು ಬೇಗ ಎದ್ದು ಹೋದ್ರು."

"ತಲೆನೋವಿಗೆ ಎದ್ರಾ?" ಕೋರ್ಟುಮಾವ ಕುರ್ಚಿಯ ತುದಿಗೆ ಬಂದರು. "ಎದ್ದಿದ್ದು ಮನುಷ್ಯನೋ, ಕೋರ್ಟೋ? ಮನುಷ್ಯ ಎದ್ದಿದ್ರೆ ನಿನ್ನ ಶಿಕ್ಷೆ ಇನ್ನೂ ಮುಗಿದಿಲ್ಲ. ನೀನು ಅಲ್ಲಿಂದ ಮನೆಗೆ ಬಂದಿದ್ದು ತಪ್ಪಿಸ್ಕೊಂಡು ಬಂದ ಹಾಗಾಯ್ತು."

ಕನ್ನಡಕದಣ್ಣ ಅರ್ಜಿಯನ್ನು ಅವರ ಮುಂದೆ ಚಾಚಿದ. "ಹಾಗಾದ್ರೆ ಏನು ಹಾಕ್ಲಿ ಮಾವ?"

"ಹೌದು ಅಂತ ಹಾಕು. 'ಇಲ್ಲ' ಅಂತ ಸುಳ್ಳು ಬರೆದ್ರೆ ಅದೇ ಇನ್ನೊಂದು ಅಪರಾಧ."

ಅಲ್ಲೇ ಗೋಡೆಗೆ ಅರ್ಜಿ ಒತ್ತಿ 'ಹೌದು' ಚೌಕಕ್ಕೆ ಟಿಕ್ ಹಾಕಿಕೊಂಡು ಇಳಿದ. ಮೆಟ್ಟಿಲ ಕೆಳಗೆ ಟೈಲರಮ್ಮ, ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡು, ನಾಲ್ಕಾರು ಹೆಂಗಸರ ನಡುವೆ ನಿಂತಿದ್ದಳು.

"ಹೌದು ಅಂತ ಹಾಕಿದ್ರಾ? ಕೆಟ್ರಿ! ನಮ್ಮ ಚಿಕ್ಕಪ್ಪನ ಅಳಿಯ ಹಾಗೇ ಹಾಕಿದ್ದ. ಇವತ್ತಿಗೂ ಪಾಸ್‌ಪೋರ್ಟು ಮಡಚಿ ಅಲುಗಾಡೋ ಮೇಜಿನ ಕಾಲಿಗೆ ಇಟ್ಕೊಂಡಿದ್ದಾನೆ. ಅಳಿಸಿ, ಅಳಿಸಿ! ತಾಮ್ರ ಕದ್ದಿದ್ದನ್ನ ಯಾರಾದ್ರೂ ಬರೀತಾರಾ?"

"ಕದ್ದಿಲ್ಲಮ್ಮಾ, ಕತ್ತರಿಸಿದ್ದು!"

"ಕತ್ತರಿಸದೆ ಕದಿಯೋದು ಹೇಗೆ?" ಎಂದು ಹೆಂಗಸರಲ್ಲೊಬ್ಬಳು ಕೇಳಿದಳು. ಮಾತು ಸರಿಯಾಗಿಯೇ ಇದೆ ಎನ್ನಿಸಿ ಕನ್ನಡಕದಣ್ಣ ಇನ್ನಷ್ಟು ಕಕ್ಕಾಬಿಕ್ಕಿಯಾದ. ರಬ್ಬರಿನಿಂದ 'ಹೌದು' ಅಳಿಸಿ 'ಇಲ್ಲ'ಕ್ಕೆ ಟಿಕ್ ಹಾಕಿದ.

ಅರ್ಧ ದಿನದ ರಜೆ ಕೇಳಲು ಅಂಗಡಿಗೆ ಹೋದರೆ, ಸುದ್ದಿ ಅವನಿಗಿಂತ ಮುಂಚೆಯೇ ಹೋಗಿ ಕೂತಿತ್ತು. ಯಜಮಾನರು ಗಾಜಿನ ಕಪಾಟು ತೆರೆದು ಫ್ರೇಮುಗಳನ್ನು ಎಣಿಸುತ್ತಿದ್ದರು. ಅವನನ್ನು ಕಂಡೊಡನೆ ಎಣಿಕೆ ತಪ್ಪಿತು, ಮೊದಲಿನಿಂದ ಶುರುಮಾಡಿದರು.

"ಬಾರಯ್ಯಾ. ತಾಮ್ರ ಒಂದೇನಾ? ಬೇರೆ ಲೋಹದ ಕಡೆಗೂ ಒಲವಿತ್ತಾ?"

"ಸಾರ್, ಅದು ಕಾಲುಚೀಲದ ವಿಷಯ..."

"ಕಾಲುಚೀಲಾನೂ ಬಿಟ್ಟಿಲ್ವಾ!"

ಕಣ್ಣು ಪರೀಕ್ಷೆ ಮಾಡುವ ಮೇಡಂ ಒಳಗಿನಿಂದ ಬಂದು ಅವನನ್ನು ತಮ್ಮ ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ಒಳ್ಳೆಯ ಹೆಂಗಸು, ಯಾವ ಕಷ್ಟಕ್ಕೂ ಅವರಲ್ಲಿದ್ದುದು ಒಂದೇ ವಿಧಾನ. "ಗಾಬರಿ ಬೇಡ. ಒಂದು ಕಣ್ಣು ಮುಚ್ಚಿ, ಚೆಕ್ ಮಾಡೋಣ. 'ಹೌದು' ಅಂದ್ಕೊಳ್ಳಿ. ಈಗ ಹೇಗಿದೆ? ಈಗ 'ಇಲ್ಲ'. ಇದು ಚೆನ್ನಾಗಿದೆಯಾ, ಮೊದಲಿಂದು ಚೆನ್ನಾಗಿತ್ತಾ?"

"ಎರಡೂ ಮಸುಕೇ ಮೇಡಂ."

"ಮತ್ತೊಂದ್ಸಲ. ಹೌದು... ಇಲ್ಲ... ಹೌದು..."

ಅವರು ಹೇಳಿದಂತೆಲ್ಲ ಅವನು ತೊಡೆಯ ಮೇಲಿನ ಅರ್ಜಿಗೆ ಟಿಕ್ ಹಾಕುವುದು, ಅಳಿಸುವುದು, ಮತ್ತೆ ಹಾಕುವುದು ಮಾಡುತ್ತ ಹೋದ. ಕೊನೆಗೊಮ್ಮೆ ರಬ್ಬರು ಸರಕ್ಕನೆ ಜಾರಿ ನೇರವಾಗಿ ತೊಡೆಗೆ ತಾಗಿತು. ಹೌದು ಇರಲಿಲ್ಲ, ಇಲ್ಲವೂ ಇರಲಿಲ್ಲ. ಆ ಜಾಗದಲ್ಲಿ ಒಂದು ತೂತಿತ್ತು.

ಯಜಮಾನರು ಕಪಾಟಿಗೆ ಬೀಗ ಹಾಕಿ, ಕೀಲಿಯನ್ನು ಒಳಜೇಬಿಗೆ ಸೇರಿಸಿದರು. "ನೋಡಯ್ಯಾ, ನನಗೂ ತಲೆ ಕೆಟ್ಟಿದೆ. ಆ ದೇಶದವರು ಹುಡುಕಿ ಜಾಲಾಡಿ ನೋಡೋರು. ಅವರು ನಿನಗೆ ವೀಸಾ ಕೊಟ್ರೆ ನೀನು ಒಳ್ಳೆಯವನು ಅಂತ ನಾನೂ ಒಪ್ಕೋತೀನಿ. ಕೊಡ್ಲಿಲ್ಲ ಅಂದ್ರೆ ನಾಳೆ ಕೆಲ್ಸಕ್ಕೆ ಬರ್ಬೇಡ."

ಅಷ್ಟರಲ್ಲಿ ಹೆಂಡತಿಯ ಫೋನೂ ಬಂತು. ಅವಳು ತವರಿಗೆ ಹೊರಟು ನಿಂತಿದ್ದಳು. "ವೀಸಾ ಕೈಗೆ ಬಂದ್ರೆ ಫೋನ್ ಮಾಡಿ, ಚೀಲ ಇಳಿಸ್ತೀನಿ" ಎಂದಳು.

ಹೀಗೆ, ಬೆಳಿಗ್ಗೆ ಬರೀ ಒಂದು ಮದುವೆಗೆ ಹೋಗಲು ಬೇಕಿದ್ದ ವೀಸಾ, ಮಧ್ಯಾಹ್ನದ ಹೊತ್ತಿಗೆ ಇದ್ದ ಊರಲ್ಲೇ ಬದುಕುವುದಕ್ಕೂ ಬೇಕಾಯಿತು.

ವೀಸಾ ಕಚೇರಿಯಲ್ಲಿ ಎಲ್ಲರೂ ಆಸ್ಪತ್ರೆಗೆ ಬಂದವರ ಹಾಗೆ ಪಿಸುಗುಟ್ಟುತ್ತಿದ್ದರು. ಅವನ ಸರದಿ ಬಂದಾಗ ಅಧಿಕಾರಿ ಅರ್ಜಿ ತಿರುವುತ್ತ ಕೊನೆಯ ಪುಟಕ್ಕೆ ಬಂದು, ಅದನ್ನು ಎತ್ತಿ ಹಿಡಿದು, ತೂತಿನ ಮೂಲಕ ಅವನನ್ನು ನೋಡಿದ.

"ಇಲ್ಲಿ ಏನಿತ್ತು?"

"ಎಲ್ಲಾ ಇತ್ತು ಸಾರ್" ಎಂದ ಕನ್ನಡಕದಣ್ಣ. ಅಷ್ಟೇ, ಕಟ್ಟೆ ಒಡೆದಂತಾಯಿತು. ಅಕ್ಕನ ಓದು, ಕಾಲುಚೀಲ, ಇಕ್ಕಳ, ಫ್ಯಾನು, ಮೂಲೆ, ತಲೆನೋವು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, "ಎದ್ದಿದ್ದು ಕೋರ್ಟೋ ಮನುಷ್ಯನೋ ನನಗೆ ಇವತ್ತಿಗೂ ಗೊತ್ತಿಲ್ಲ ಸಾರ್" ಎಂದು ಮುಗಿಸಿದ.

ಅಧಿಕಾರಿ ಮೊದಲು ಕೆಮ್ಮಿದ. ಆಮೇಲೆ ಕೆಮ್ಮು ನಗುವಾಯಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಇಷ್ಟು ಹಳೇದು, ಇಷ್ಟು ಸಣ್ಣದು ನಮಗೆ ಲೆಕ್ಕಕ್ಕೇ ಬರಲ್ಲ. ಬಚ್ಚಿಟ್ಟಿದ್ರೆ ಕಷ್ಟ ಆಗ್ತಿತ್ತು. ನಿಜ ಹೇಳಿದ್ರಲ್ಲ, ಅದು ಮುಖ್ಯ."

ಇಡೀ ದಿನ ಬಿಗಿಯಾದ ಬೂಟಿನಲ್ಲಿದ್ದ ಕಾಲನ್ನು ಹೊರಗೆ ತೆಗೆದಂತಾಯಿತು ಕನ್ನಡಕದಣ್ಣನಿಗೆ. ಹೆಂಡತಿಗೆ ಫೋನ್ ಮಾಡಲು ಕೈ ಆಗಲೇ ಜೇಬಿಗೆ ಹೋಗಿತ್ತು.

"ಇನ್ನೊಂದೇ ಪ್ರಶ್ನೆ" ಎಂದು ಅಧಿಕಾರಿ ಕಂಪ್ಯೂಟರಿನತ್ತ ತಿರುಗಿದ. "ನಿಮ್ಮನ್ನ ಕರೆಸಿಕೊಳ್ತಿರೋರು ನಿಮ್ಮ ಸ್ವಂತ ಅಕ್ಕ ಅಂತ ಬರೆದಿದ್ದೀರಿ. ಆದ್ರೆ ಅವರು ನಮ್ಮ ದೇಶಕ್ಕೆ ಬಂದಾಗ ಕೊಟ್ಟ ಅರ್ಜೀಲಿ, ಒಡಹುಟ್ಟಿದವರು ಯಾರೂ ಇಲ್ಲ ಅಂತಿದೆ. ಯಾವುದು ಸರಿ?"

ಕನ್ನಡಕದಣ್ಣನ ಕೈ ಜೇಬಿನಲ್ಲೇ ಉಳಿಯಿತು. ಯಾರೂ ಇಲ್ಲ? ಮತ್ತೆ ತಾನು ಯಾರು? ಸ್ವಲ್ಪ ಹೊತ್ತು ಅವನಿಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಆಮೇಲೆ ನಿಧಾನವಾಗಿ ಹೊಳೆಯಿತು. ಮನೆಯವರ ಮೇಲೆ ಕೇಸಿದೆಯೇ ಎಂದು ಅಲ್ಲಿಯೂ ಕೇಳಿರಬೇಕು. ಅಕ್ಕ ಹೆದರಿರಬೇಕು. ಅವಳಿಗಾಗಿ ತಾನೇ ಕಂಬ ಹತ್ತಿದ್ದು! ಆದರೆ ಹಿಂದೆಯೇ ಕಿವಿಗೆ ಹತ್ತಿ ತುರುಕಿಕೊಂಡ ಅಕ್ಕನ ಮುಖ ಕಣ್ಣೆದುರು ಬಂತು. ಈಗ 'ಹೌದು, ನಾನು ತಮ್ಮ' ಎಂದರೆ ಅವಳು ಆ ದೇಶಕ್ಕೆ ಸುಳ್ಳು ಹೇಳಿದವಳಾಗುತ್ತಾಳೆ. ನರ್ಸಿನ ಕೆಲಸ, ಮನೆ, ಆ ಬಸ್ ಡ್ರೈವರು, ಎಲ್ಲಾ ಹೋಯಿತು.

"ಅವರದ್ದೇ ಸರಿ ಸಾರ್."

"ಅಂದ್ರೆ?"

"ಅವರು ನಮ್ಮಕ್ಕ ಅಲ್ಲ. ಪಕ್ಕದ ಮನೇಲಿದ್ರು. ದೊಡ್ಡೋರು ಅಂತ ಅಕ್ಕ ಅಂತ ಕರೀತೀನಿ."

ಅಧಿಕಾರಿಯ ಮುಖದಿಂದ ನಗು ಇಳಿಯಿತು. "ಯೋಚ್ನೆ ಮಾಡಿ ಹೇಳಿ. ಈಗಷ್ಟೇ ನಿಮ್ಮ ಅಕ್ಕನ ಓದಿಗೆ ವೈರು ಕತ್ತರಿಸ್ದೆ ಅಂದ್ರಿ."

"ಪಕ್ಕದ ಮನೆಯವರ ಓದಿಗೇ ಸಾರ್. ಗೋಡೆ ತೆಳ್ಳಗಿತ್ತು."

"ಇದೇ ನಿಮ್ಮ ಕೊನೇ ಮಾತಾ?"

"ಕೊನೇದು ಸಾರ್." ಆ ದಿನವಿಡೀ ಅವನು ತಡವರಿಸದೆ ಕೊಟ್ಟ ಉತ್ತರ ಅದೊಂದೇ.

ಅಧಿಕಾರಿ ಬೇಸರದಿಂದ ತಲೆಯಾಡಿಸಿ ಮುದ್ರೆ ಎತ್ತಿಕೊಂಡ. ಧಡ್ ಎಂದು ಬಿದ್ದ ನೀಲಿ ಶಾಯಿಯ ಕೆಳಗೆ ಕಾರಣವನ್ನೂ ಬರೆದ: 'ಸುಳ್ಳು ಸಂಬಂಧ ತೋರಿಸಿದ್ದಕ್ಕೆ ತಿರಸ್ಕರಿಸಲಾಗಿದೆ.'

ಕನ್ನಡಕದಣ್ಣ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತ. ವೀಸಾ ಹೋಯಿತು, ಕೆಲಸ ಹೋಯಿತು, ಹೆಂಡತಿ ಬಸ್ಸು ಹತ್ತಿರಬೇಕು. ಆದರೂ ಅಕ್ಕ ಉಳಿದಳಲ್ಲ ಎಂದುಕೊಳ್ಳುವಷ್ಟರಲ್ಲಿ ಫೋನು ರಿಂಗಾಯಿತು. ಅವಳೇ.

"ಸಂದರ್ಶನ ಮುಗೀತೇನೋ?" ಅವಳ ದನಿ ಸಂಕೋಚದಿಂದ ಮುದುಡಿತ್ತು. "ನಿನಗೊಂದು ವಿಷಯ ಹೇಳ್ಬೇಕು. ಇಷ್ಟು ದಿನ ಹೇಳೋಕೆ ಮುಖಾನೇ ಬರ್ಲಿಲ್ಲ. ಇಲ್ಲಿಗೆ ಬರೋವಾಗ, ನಿನ್ನ ಕೇಸಿಂದ ಕೆಲ್ಸ ತಪ್ಪುತ್ತೆ ಅಂತ ಹೆದರಿ, ನನಗೆ ತಮ್ಮನೇ ಇಲ್ಲ ಅಂತ ಬರೆದ್ಬಿಟ್ಟಿದ್ದೆ ಕಣೋ. ಹೋದ ವಾರ ನಾನೇ ಇಲ್ಲಿನ ಆಫೀಸಿಗೆ ಹೋಗಿ ಎಲ್ಲಾ ಒಪ್ಕೊಂಡೆ. ಬೈದ್ರು, ಆದ್ರೆ ಕ್ಷಮಿಸಿದ್ರು. 'ನಿಮ್ಮ ತಮ್ಮನ್ನ ಅಲ್ಲಿ ಒಂದು ಮಾತು ಕೇಳ್ತಾರೆ, ಹೌದು ನಾನೇ ತಮ್ಮ ಅಂದ್ರೆ ಸಾಕು, ವೀಸಾ ಆಯ್ತು' ಅಂದ್ರು. ಕೇಳಿದ್ರಾ?"

"ಕೇಳಿದ್ರು."

"ಸದ್ಯ! ಏನಂದೆ?"

ಕನ್ನಡಕದಣ್ಣ ಕೈಯಲ್ಲಿದ್ದ ಅರ್ಜಿಯನ್ನು ನೋಡಿದ. ಶಾಯಿ ಇನ್ನೂ ಆರಿರಲಿಲ್ಲ.

"ಅಲ್ಲ ಅಂದೆ. ಪಕ್ಕದ ಮನೆಯವರು ಅಂದೆ."

ಆ ಕಡೆಯಿಂದ ಬಂದದ್ದು ಅಳುವೋ ನಗುವೋ ಅವನಿಗೆ ತಿಳಿಯಲಿಲ್ಲ. ಬಹುಶಃ ಅವಳಿಗೂ ತಿಳಿದಿರಲಿಲ್ಲ.

"ಅಯ್ಯೋ ದಡ್ಡ! ಈಗೇನೋ ಮಾಡೋದು?"

ಕನ್ನಡಕದಣ್ಣ ಆಚೀಚೆ ನೋಡಿದ. ಕಚೇರಿಯ ಕಿಟಕಿಯಿಂದ ಅಧಿಕಾರಿ ತನ್ನತ್ತಲೇ ನೋಡುತ್ತಿದ್ದಾನೆಂದು ಅನ್ನಿಸಿತು. ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದು, ದನಿ ತಗ್ಗಿಸಿ ಕೇಳಿದ:

"ಅದೆಲ್ಲಾ ಆಮೇಲೆ. ಮೊದ್ಲು ಇದು ಹೇಳಿ. ಇನ್ಮೇಲೆ ನಿಮ್ಮನ್ನ ನಾನು 'ನೀನು' ಅನ್ನಬಹುದಾ, 'ನೀವು' ಅಂತಾನೇ ಅನ್ನಬೇಕಾ?"